ಪಾಟ್ಟಿಯ ನಡಿಗೆ

ಅವರ ಮುಖದ ಮೇಲೆ ನಗು ಮೂಡುತ್ತಿರಲಿಲ್ಲ. ಹಾಗಾಗಿ ನಗು ಬಂದಾಗ ಬಾಯಲ್ಲೇ ಹೇಳಿಬಿಡುತ್ತಿದ್ದರು. "ನಗ್ತಾ ಇದೀನಿ ಕಣಮ್ಮಿ, ಗೊತ್ತಾಯ್ತಾ?" ಕೋಪ ಬಂದರೂ ಅಷ್ಟೆ. "ಈಗ ಸಿಟ್ಟು ಬಂದದೆ, ಹುಷಾರು." ಪಾರ್ಕಿನ್ಸನ್ ಕಾಯಿಲೆ ಮೊದಲು ಬಲಗೈಯ ಬೆರಳಿಗೆ ಬಂತಂತೆ, ಆಮೇಲೆ ಕಾಲಿಗೆ, ಆಮೇಲೆ ಮುಖಕ್ಕೆ. ಕೆನ್ನೆ, ಹುಬ್ಬು, ತುಟಿ ಯಾವುದೂ ಮನಸ್ಸಿನ ಮಾತು ಕೇಳುತ್ತಿರಲಿಲ್ಲ. ಹೊಸಬರು ನೋಡಿ ಜಂಬದ ಹೆಂಗಸು ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ಆ ವಾರವೇ ನಮ್ಮ ಬಸ್ ಸ್ಟಾಪಿನ ಹಿಂದಿನ ಗೋಡೆಯ ಮೇಲೆ ಆ ಸಿನಿಮಾದ ಎರಡನೆಯ ಭಾಗದ ಪೋಸ್ಟರು ಅಂಟಿಸಿದರು. ಅದರಲ್ಲಿ ಮುಖವಿಲ್ಲ. ಕತ್ತಲೆಯ ಬಾಗಿಲಲ್ಲಿ ಬೆನ್ನು ಬಾಗಿಸಿ, ಮೊಣಕೈ ಮಡಚಿ ನಿಂತ ಒಂದು ಹೆಣ್ಣಿನ ಆಕಾರ, ಅಷ್ಟೆ. ಚೆನ್ನೈಯ ಹುಡುಗ ಹುಡುಗಿಯರಿಗೆ ಅದು ಯಾರೆಂದು ಹೇಳಬೇಕಾಗಿಲ್ಲ. ಪಾಟ್ಟಿ. ತಮಿಳಿನಲ್ಲಿ ಅಜ್ಜಿ. ನಾನು ಆ ಬಸ್ ಸ್ಟಾಪು ಬಿಟ್ಟು ಮುಂದಿನದರಲ್ಲಿ ಹತ್ತುತ್ತಿದ್ದೇನೆ.

ಮಗಳು ಚೇತನಾಳ ಜೊತೆ ಅವರು ಅಣ್ಣಾ ನಗರದ ನಮ್ಮ ಎದುರು ಫ್ಲ್ಯಾಟಿಗೆ ಬಂದ ಹೊಸತು. ನಾನು ಆಫೀಸಿಗೆ ಹೊರಟು ಲಿಫ್ಟಿನೊಳಗೆ ನಿಂತಿದ್ದೆ. ಅವರು ಲಿಫ್ಟಿನ ಬಾಗಿಲ ತನಕ ಬಂದು ನಿಂತರು. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ ಅನ್ನಿಸಿತು. ಬಾಗಿಲು ಮುಚ್ಚಿಕೊಳ್ಳದಂತೆ ಗುಂಡಿ ಒತ್ತಿ ಹಿಡಿದು, ಬರುತ್ತೀರಾ ಮಾಮಿ ಎಂದು ತಮಿಳಿನಲ್ಲಿ ಕೇಳಿದೆ. ಆಮೇಲೆ ಬಹಳ ಮೆತ್ತಗಿನ ದನಿಯಲ್ಲಿ, ಅಚ್ಚ ಮಂಡ್ಯದ ಕನ್ನಡದಲ್ಲಿ, ತಮ್ಮ ಕಾಲಿಗೇ ಹೇಳಿಕೊಂಡರು. "ಎಡ... ಬಲ... ಥೂ, ನಡಿಯೇ ಅತ್ಲಾಗೆ." ಎಡಗಾಲು ಮೇಲೆದ್ದಿತು. ಒಳಗೆ ಬಂದರು.

"ಅಯ್ಯೋ, ನೀವು ಕನ್ನಡದವರಾ? ಕೊಂಜ ನನ್ನ ಕೈ ಹಿಡ್ಕೊಂಡಿದ್ರೆ ಆಗ್ತಿತ್ತಲ್ಲ ಮಾಮಿ," ಅಂದೆ.

"ಕೊಂಜ ಏನ್ ಕೊಂಜ? ಸ್ವಲ್ಪ ಅಂದ್ರೆ ನಾಲಿಗೆ ಸವೀತದಾ? ಮಾಮಿಗೀಮಿ ಬೇಡ. ಟೀಚರ್ ಅನ್ನು."

ನಾನು ಪೆಚ್ಚಾಗಿ ನಿಂತೆ. ಲಿಫ್ಟು ಕೆಳಗೆ ತಲುಪುವಷ್ಟರಲ್ಲಿ ಅವರು, "ನಗ್ತಾ ಇದೀನಿ," ಅಂದರು.

ನಮ್ಮದು ತಲೆಮಾರುಗಳಿಂದ ಚೆನ್ನೈಯ ತ್ರಿಪ್ಲಿಕೇನಿನಲ್ಲಿ ಬೇರುಬಿಟ್ಟ ಕನ್ನಡ ಮನೆತನ. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಅದು ತಮಿಳು ಎಂದು ನನಗೆ ತಿಳಿದದ್ದೇ ಟೀಚರ್ ತಿದ್ದಲು ಶುರುಮಾಡಿದ ಮೇಲೆ. ಮಾತು ತಿದ್ದಿದ್ದಕ್ಕಿಂತ ಹೆಚ್ಚಾಗಿ ನನ್ನ ಬೆನ್ನು ತಿದ್ದಿದರು. ಮಂಡ್ಯದ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿ ನಿವೃತ್ತರಾದವರು ಅವರು. ಯಾರೇ ಕಂಡರೂ ಮೊದಲು ನೋಡುತ್ತಿದ್ದುದು ಹೇಗೆ ನಿಂತಿದ್ದಾರೆ ಅನ್ನುವುದನ್ನು. "ಪದ್ಮಾ, ಬೆನ್ನು!" ಅಂದರೆ ನಾನು ಕೈಯಲ್ಲಿ ಹಾಲಿನ ಪಾತ್ರೆ ಹಿಡಿದಿದ್ದರೂ ನೆಟ್ಟಗಾಗುತ್ತಿದ್ದೆ. ಹೇಳುವ ಅವರ ಬೆನ್ನೇ ಬಿಲ್ಲಿನಂತೆ ಬಾಗಿರುತ್ತಿತ್ತು. ಅದು ಅವರಿಗೆ ಅಡ್ಡಿಯಾಗಲಿಲ್ಲ. ಕೆಳಗಿನ ವಾಚ್‌ಮನ್ ಕುರ್ಚಿಯಲ್ಲಿ ಜಾರಿ ಕೂತಿದ್ದರೆ ಅವನ ಮುಂದೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ಅವರಿಗೆ ತಮಿಳು ಬರದು, ಅವನಿಗೆ ಕನ್ನಡ ಬರದು. ಆ ನಗದ, ಮುನಿಯದ ಮುಖ ನೋಡಿ ಅವನು ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ. ಸೆಲ್ಯೂಟಿನ ಮೊಣಕೈಯನ್ನೂ ಇವರು ಮೇಲೆತ್ತಿ ಸರಿಮಾಡಿ ಮುಂದೆ ಹೋಗುತ್ತಿದ್ದರು.

ಬಾಗಿಲುಗಳು ಅವರ ಶತ್ರು. ಬಯಲಿನಲ್ಲಿ ಹೇಗೋ ನಡೆಯುವವರು ಬಾಗಿಲು ಬಂದೊಡನೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದರು. ಈ ಕಾಯಿಲೆಯಲ್ಲಿ ಹಾಗಾಗುತ್ತದಂತೆ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ತಲೆ ಕಾಗದ ಬರೀತದೆ, ಕಾಲು ಕಾಯ್ತಾ ಅದೆ. ಮಧ್ಯದಲ್ಲಿ ಪೋಸ್ಟ್‌ಮ್ಯಾನ್ ರಜ ಹಾಕವ್ನೆ," ಅಂದರು. ನಿಂತ ಕಾಲು ಬಿಟ್ಟುಕೊಂಡ ಮೇಲೆ ಇನ್ನೊಂದು ಕಷ್ಟ. ಮೈ ಮುಂದೆ ವಾಲಿ, ಪುಟ್ಟ ಪುಟ್ಟ ಹೆಜ್ಜೆಗಳು ಒಂದರ ಮೇಲೊಂದು ಬಿದ್ದು, ಯಾರನ್ನೋ ಹಿಡಿಯಲು ಹೊರಟವರಂತೆ ದುಡುದುಡು ಓಡಿಬಿಡುತ್ತಿದ್ದರು. ತಡೆಯಲು ಗೋಡೆಯೋ ಮಗಳ ತೋಳೋ ಬೇಕಿತ್ತು.

ಚೇತನಾ ನುಂಗಂಬಾಕ್ಕದ ಒಂದು ಕಂಪನಿಯಲ್ಲಿ ವಿಡಿಯೋ ಗೇಮ್‌ಗಳ ಗೊಂಬೆಗಳನ್ನು ಓಡಾಡಿಸುವ ಕೆಲಸದಲ್ಲಿದ್ದಳು. ಆಗ ಅವರು ಮಾಡುತ್ತಿದ್ದ ಆಟ ಹೀಗೆ. ಬೀಗ ಬಿದ್ದ ಒಂದು ಹಳೆಯ ಹಾಸ್ಟೆಲಿನಲ್ಲಿ ಆಟ ಆಡುವವನು ಸಿಕ್ಕಿಹಾಕಿಕೊಂಡಿದ್ದಾನೆ. ಕೋಣೆಯಿಂದ ಕೋಣೆಗೆ ಅಡಗುತ್ತ ಹೊರಬೀಳಬೇಕು. ಅವನನ್ನು ಹುಡುಕುತ್ತ ಸತ್ತ ಮುದುಕಿಯೊಬ್ಬಳು, ಪಾಟ್ಟಿ, ಅಲೆಯುತ್ತಾಳೆ. ಆ ಮುದುಕಿಯ ನಡಿಗೆ ತಿಂಗಳುಗಟ್ಟಲೆ ಸರಿಯಾಗಿ ಬಂದಿರಲಿಲ್ಲ. ಒಂದು ಶನಿವಾರ ನಾನು ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಚೇತನಾ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನೇ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಟೀಚರ್ ಅವಳ ಹಿಂದೆ ನಿಂತು ನೋಡಿದರು.

"ಇದ್ಯಾವ ಮುದುಕಿ? ಮುದುಕಿ ವೇಷ ಹಾಕಿರೋ ಪಡ್ಡೆ ಹುಡುಗ ಇವನು. ಸೊಂಟ ನೋಡು, ಹೆಂಗೆ ತಿರುಗ್ತದೆ."

"ಹುಡುಗನೇ ಅಮ್ಮ. ನಾಟಕದ ನಟ. ಅವನ ನಡಿಗೇನೇ ಹಿಡಿದಿರೋದು."

"ನಾನ್ ನಡೀಲಾ?"

ಚೇತನಾ ತಿರುಗಿ ನೋಡಲಿಲ್ಲ. "ಬೇಡ ಅಮ್ಮ."

"ಯಾಕ್ ಬೇಡ? ದೆವ್ವದಂಗೆ ಕಾಣ್ತೀನಿ ಅಂತ ನಂಗೊತ್ತಿಲ್ವಾ? ಕನ್ನಡಿ ಇಲ್ವಾ ಮನೇಲಿ?"

"ಅಮ್ಮ, ಹಂಗೆಲ್ಲ ಮಾತಾಡ್ಬೇಡಿ."

"ನಗ್ತಾ ಇದೀನಿ ಕಣೆ," ಅಂದರು ಟೀಚರ್. ಆಮೇಲೆ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ಈ ನಡಿಗೆ ನಂದಲ್ಲ ಕಣೆ ಚೇತು. ಅದರದ್ದು. ನನ್ ಮೈಗೆ ಬಂದು ಸೇರ್ಕೊಂಡು ಪುಕ್ಕಟೆ ಊಟ ಮಾಡ್ಕೊಂಡು ಬಿದ್ದದೆ. ಅದೂ ಒಂದು ದಿನ ಕೆಲಸ ಮಾಡ್ಲಿ."

ವಾರವಿಡೀ ಮಗಳು ಬೇಡವೆಂದಳು. ತಾಯಿ ಪಟ್ಟು ಬಿಡಲಿಲ್ಲ. ಮುಂದಿನ ಶನಿವಾರ ಮೂವರೂ ಟ್ಯಾಕ್ಸಿಯಲ್ಲಿ ನುಂಗಂಬಾಕ್ಕಕ್ಕೆ ಹೋದೆವು. ಅಲ್ಲಿ ಅವರಿಗೆ ಮೈಗಂಟುವ ಕಪ್ಪು ಉಡುಪು ತೊಡಿಸಿ, ಕೀಲು ಕೀಲಿಗೂ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದರು. ಗೋಡೆಯ ಸುತ್ತ ಇಟ್ಟ ಕ್ಯಾಮೆರಾಗಳು ಮುಖ ಮೈ ಬಿಟ್ಟು ಆ ಗುಂಡುಗಳ ಚಲನೆಯನ್ನಷ್ಟೇ ಹಿಡಿಯುತ್ತವಂತೆ. ಟೀಚರ್‌ಗೆ ಆ ಉಡುಪು ಬಹಳ ಇಷ್ಟವಾಯಿತು. ಎಷ್ಟೋ ವರ್ಷದ ಮೇಲೆ ಸೀರೆ ಬಿಟ್ಟು ಆಟದ ಬಟ್ಟೆ ಹಾಕಿದ್ದೇನೆ ಅಂದರು. ಹುಡುಗರ ನಡುವೆ ನಿಂತು ಒಬ್ಬೊಬ್ಬರ ಭುಜವನ್ನೂ ತಟ್ಟಿ ನೆಟ್ಟಗೆ ಮಾಡಿದರು.

ನಡುವೆ ಒಂದು ಖಾಲಿ ಬಾಗಿಲ ಚೌಕಟ್ಟು ನಿಲ್ಲಿಸಿದ್ದರು. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಮರದ ಚೌಕಟ್ಟು. ಟೀಚರ್ ಆ ತುದಿಯಿಂದ ನಡೆದು ಬಂದು ಅದರ ಮುಂದೆ ನಿಂತರು. ನಿಂತೇ ಇದ್ದರು. ಬಲಗೈಯ ಬೆರಳು ಮಾತ್ರ ಅಕ್ಕಿ ಆರಿಸುವಂತೆ ಆಡುತ್ತಿತ್ತು. ಹುಡುಗರು ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಆಮೇಲೆ ಕಾಲು ಬಿಟ್ಟುಕೊಂಡಿತು. ದುಡುದುಡು ಬಂದು ಮಗಳ ತೋಳಿಗೆ ಬಿದ್ದರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಚೇತನಾಳ ಕಣ್ಣಲ್ಲಿ ನೀರಿತ್ತು. ಟೀಚರ್ ಏದುಸಿರು ಬಿಡುತ್ತ ಕೇಳಿದರು. "ಇನ್ನೊಂದ್ಸಲ ಬೇಕಾ ಅಂತ ಕೇಳೇ ಅವರ್ನ."

ಆಟ ಹೊರಬಂದ ಮೇಲೆ ಏನಾಯಿತು ಅನ್ನುವುದನ್ನು ನಾನು ಆಫೀಸಿನ ಚಿಕ್ಕ ವಯಸ್ಸಿನವರ ಬಾಯಿಂದ ತಿಳಿದೆ. ಎಲ್ಲರ ಫೋನಿನಲ್ಲೂ ಪಾಟ್ಟಿ. ಅವಳು ಓಡಿಸಿಕೊಂಡು ಬಂದಾಗಲ್ಲ, ಬಾಗಿಲಲ್ಲಿ ನಿಂತಾಗ ಹೆಚ್ಚು ಭಯ ಅನ್ನುತ್ತಿದ್ದರು. ನೀವು ಮಂಚದ ಕೆಳಗೆ ಅಡಗಿರುತ್ತೀರಿ. ಅವಳು ಬಾಗಿಲ ತನಕ ಬಂದು ನಿಲ್ಲುತ್ತಾಳೆ. ಎಷ್ಟು ಹೊತ್ತು ನಿಲ್ಲುತ್ತಾಳೋ ಗೊತ್ತಿಲ್ಲ. ಒಮ್ಮೊಮ್ಮೆ ಹಿಂದಿರುಗುತ್ತಾಳೆ. ಒಮ್ಮೊಮ್ಮೆ ಇಲ್ಲ. ಆಟಕ್ಕೆ ಎರಡನೆಯ ಭಾಗ ಬಂತು, ಮೂರನೆಯದೂ ಬಂತು. ಮೂರರಲ್ಲೂ ಅದೇ ನಡಿಗೆ. ನಮ್ಮ ಕಟ್ಟಡದ ಕಾಲೇಜು ಹುಡುಗಿಯರಿಗೆ ಸುದ್ದಿ ಗೊತ್ತಾಗಿ ಟೀಚರ್ ಜೊತೆ ಫೋಟೋ ತೆಗೆಸಿಕೊಳ್ಳಲು ಬಂದರು. ಟೀಚರ್ ಅವರಿಗೆ ಕೋಡುಬಳೆ ಕೊಟ್ಟು, ಬೆನ್ನು ನೆಟ್ಟಗಿಟ್ಟರೆ ಮಾತ್ರ ಫೋಟೋ ಎಂದು ಷರತ್ತು ಹಾಕಿದರು. "ನಮ್ ಸ್ಕೂಲಿನ ಖೋ-ಖೋ ಟೀಮು ಜಿಲ್ಲೆಗೇ ಮೊದಲು ಬಂದಾಗ್ಲೂ ನಂಗಿಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ," ಅನ್ನುತ್ತಿದ್ದರು. ಆ ದಿನಗಳಲ್ಲಿ ಅವರು ಸಂತೋಷವಾಗಿದ್ದರು. ಅದನ್ನು ನಾನು ಮರೆಯಬಾರದು.

ಆಟವನ್ನು ಸಿನಿಮಾ ಮಾಡುತ್ತಾರೆ ಎಂದಾಗಲೂ ಅವರಿಗೆ ಉತ್ಸಾಹವೇ. ಪಾಟ್ಟಿಯ ಪಾತ್ರ ಮಾಡುವ ಹುಡುಗಿ ನಡಿಗೆ ಕಲಿಯಲು ಮನೆಗೆ ಬಂದಳು. ಇಪ್ಪತ್ತೈದರ ಆಸುಪಾಸು, ನೃತ್ಯ ಕಲಿತ ಮೈ, ಒಳ್ಳೆಯ ಸ್ವಭಾವ. ಬಂದವಳೇ ಟೀಚರ್ ಕಾಲು ಮುಟ್ಟಿ ನಮಸ್ಕರಿಸಿದಳು. ಅವಳಿಗೆ ಕನ್ನಡ ಬರದು, ಹಾಗಾಗಿ ನಾನು ನಡುವೆ ಕೂತು ಇವರ ಮಾತು ಅವಳಿಗೆ, ಅವಳದು ಇವರಿಗೆ ಹೇಳುತ್ತಿದ್ದೆ.

ಟೀಚರ್ ಹಳೆಯ ಟೀಚರಾದರು. "ಕೈ ಬೀಸ್ಬಾರ್ದು ಅಂತ ಹೇಳು. ಮೊಣಕೈ ಪಕ್ಕೆಗೆ. ಹಿಮ್ಮಡಿ ಎತ್ತಿದ್ರೆ ಆಗಲ್ಲ, ನೆಲ ಸವರ್ಬೇಕು. ತಿರುಗೋವಾಗ ಕತ್ತು ಒಂದೇ ತಿರುಗಲ್ಲ, ಮೈಯೆಲ್ಲ ಹಲಗೆ ತಿರುಗ್ದಂಗೆ ತಿರುಗ್ತದೆ." ದಿನ ದಿನ ಅವಳು ಬರುತ್ತಿದ್ದಳು, ದಿನ ದಿನ ತಿದ್ದಿಸಿಕೊಳ್ಳುತ್ತಿದ್ದಳು. ಕೊನೆಗೊಂದು ದಿನ ಅದು ಅವಳಿಗೆ ಬಂದುಬಿಟ್ಟಿತು. ಹಾಲ್‌ನ ಆ ತುದಿಯಿಂದ ಹೊರಟು ಅಡುಗೆಮನೆಯ ಬಾಗಿಲ ತನಕ ಬಂದಳು. ನಿಂತಳು. ಬಲಗೈ ಬೆರಳು ಆಡಿತು. ಮೈ ಮುಂದೆ ವಾಲಿತು. ಆಮೇಲೆ ಓಡಿ ಬಂದು ಗೋಡೆ ಹಿಡಿದಳು. ಟೀಚರೇ ಎದ್ದು ನಡೆದಂತಿತ್ತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿ ಪಕ್ಕಕ್ಕೆ ತಿರುಗಿದೆ.

ಟೀಚರ್ ಮುಖ ಎಂದಿನಂತೆ ಕಲ್ಲು. ಕಣ್ಣಿಂದ ನೀರು ಸುರಿದು ಗದ್ದಕ್ಕೆ ಬಂದಿತ್ತು.

"ಪದ್ಮಾ, ನಾನು ಹಿಂಗಾ?"

"ಅಯ್ಯೋ, ಇಲ್ಲ ಟೀಚರ್. ಅವಳು ಸಿನಿಮಾದವಳು, ಜಾಸ್ತಿ ಮಾಡಿ ತೋರಿಸ್ತಾಳೆ."

"ಸುಳ್ಳು ಹೇಳ್ಬೇಡ. ನಾನೇ ಕಲ್ಸಿದೀನಿ." ಸೆರಗಿನಿಂದ ಕಣ್ಣೊರೆಸಲು ಕೈ ಎತ್ತಿದರು. ಕೈ ಕಣ್ಣಿನ ತನಕ ಹೋಗಲು ಹೊತ್ತು ಹಿಡಿಯಿತು. "ಇಷ್ಟು ದಿನ ಒಳಗಿಂದ ಗೊತ್ತಿತ್ತು ಕಣಮ್ಮಿ. ಹೊರಗಿಂದ ಹಿಂಗೆ ಅಂತ ಗೊತ್ತಿರ್ಲಿಲ್ಲ."

ಆ ಹುಡುಗಿ ಗಾಬರಿಯಾಗಿ, ಅಮ್ಮ ಏನು ಹೇಳುತ್ತಿದ್ದಾರೆ, ಎಲ್ಲಿ ತಪ್ಪಾಯಿತು ಎಂದು ನನ್ನನ್ನು ಕೇಳಿದಳು. ನಾನು ಏನು ಹೇಳಲಿ ಎಂದು ಯೋಚಿಸುತ್ತಿರುವಾಗ ಟೀಚರೇ ಹೇಳಿದರು. "ಚೆನ್ನಾಗಿ ಮಾಡ್ದೆ ಅನ್ನು. ಆದ್ರೆ ಎಡಗೈ ಬೆರಳು ಸುಮ್ನಿರ್ಬೇಕು. ಅಲ್ಲಾಡೋದು ಬಲಗೈದು ಮಾತ್ರ." ಅದನ್ನೂ ತಿದ್ದಿಯೇ ಕಳಿಸಿದರು. ಹೋಗುವಾಗ ಹುಡುಗಿ ಮತ್ತೆ ಕಾಲು ಮುಟ್ಟಿದಳು. ಟೀಚರ್ ಅವಳ ತಲೆಯ ಮೇಲೆ ಕೈಯಿಟ್ಟು, "ಮೈ ಜೋಪಾನ ಮಗಾ," ಅಂದರು.

ಸಿನಿಮಾ ಬಿಡುಗಡೆಯಾದ ಮೊದಲ ಭಾನುವಾರ ಬೆಳಗಿನ ಆಟಕ್ಕೆ ಹೋದೆವು. ಚೇತನಾಳಿಗೆ ಅಷ್ಟು ಮನಸ್ಸಿರಲಿಲ್ಲ. ಟೀಚರ್‌ಗೆ ಒಂದೇ ಆಸೆ. ಕೊನೆಯಲ್ಲಿ ತಮ್ಮ ಹೆಸರು ಬರುತ್ತದೆ ಎಂದು ಕಂಪನಿಯವರು ಹೇಳಿದ್ದರು. ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟಿದ್ದರು. ಮಾತ್ರೆಯ ಹೊತ್ತನ್ನು ಸಿನಿಮಾದ ಹೊತ್ತಿಗೆ ಹೊಂದಿಸಿಕೊಂಡಿದ್ದರು. ಆ ಮಾತ್ರೆ ಕೆಲಸ ಮಾಡುವಷ್ಟು ಹೊತ್ತು ಅವರು ಹೇಗೋ ನಡೆಯುತ್ತಿದ್ದರು, ಅದರ ಬಲ ಇಳಿದರೆ ಇಲ್ಲ.

ಸಿನಿಮಾದ ಕಥೆ ನನಗೆ ಸರಿಯಾಗಿ ನೆನಪಿಲ್ಲ. ಪಾಟ್ಟಿ ಬಾಗಿಲಲ್ಲಿ ನಿಂತಾಗಲೆಲ್ಲ ಇಡೀ ಥಿಯೇಟರು ಸ್ತಬ್ಧವಾಗುತ್ತಿತ್ತು. ಅವಳು ಓಡಿದಾಗ ಕಿರುಚುತ್ತಿತ್ತು. ಕಿರುಚಿದ ಮೇಲೆ ಎಲ್ಲರೂ ನಗುತ್ತಿದ್ದರು. ಟೀಚರ್ ನನ್ನ ಕಡೆ ವಾಲಿ, "ಎಡಗೈ ಸುಮ್ನಿಟ್ಟವಳೆ, ನೋಡ್ದಾ," ಅಂದರು. ಸಿನಿಮಾ ಅಂದುಕೊಂಡದ್ದಕ್ಕಿಂತ ಉದ್ದವಿತ್ತು. ಮುಗಿದು ಜನ ಎದ್ದರೂ ನಾವು ಕೂತೇ ಇದ್ದೆವು. ಹೆಸರುಗಳು ಸಾಲು ಸಾಲಾಗಿ ಮೇಲೆ ಹೋದವು. ಬಹಳ ಹೊತ್ತಿನ ಮೇಲೆ ಚೇತನಾ, "ಅಗೋ ಅಮ್ಮ, ಅಲ್ಲಿ!" ಎಂದು ಬೆರಳು ತೋರಿಸಿದಳು. ತಮಿಳಕ್ಷರ. ಟೀಚರ್‌ಗೆ ಓದಲು ಬರದು. ಮಗಳು ಓದಿ ಹೇಳಿದಳು.

"ಓದೋಕ್ ಬರ್ದೆ ಇದ್ರೂ ಚೆನ್ನಾಗಿ ಕಾಣ್ತದೆ," ಅಂದರು. "ನಗ್ತಾ ಇದೀನಿ."

ಎದ್ದಾಗ ಮಾತ್ರೆಯ ಬಲ ಇಳಿದಿತ್ತು. ಮಗಳು ಒಂದು ಕಡೆ, ನಾನು ಒಂದು ಕಡೆ. ಹೊರಹೋಗುವ ಬಾಗಿಲ ಕಡೆ ಮೆಟ್ಟಿಲು ಹೆಚ್ಚು, ಜನ ಒಳಬರುವ ಬಾಗಿಲೇ ಹತ್ತಿರ ಎಂದು ಅದರ ಕಡೆ ಹೊರಟೆವು. ಬಾಗಿಲು ಕಿರಿದು, ಮೂವರು ಒಟ್ಟಿಗೆ ದಾಟಲಾಗದು. ನಾನು ಮುಂದೆ ಹೋಗಿ ಬಾಗಿಲು ತೆರೆದು ಹಿಡಿದೆ. ಚೇತನಾ ಹಿಂದೆ ಉಳಿದಳು. ಟೀಚರ್ ನಡುವೆ ಬಂದು ಬಾಗಿಲಲ್ಲಿ ನಿಂತರು.

ಹೊರಗೆ ಮುಂದಿನ ಆಟಕ್ಕೆ ಕಾದ ಜನ. ಅವರ ಕಣ್ಣಿಗೆ ಬಿದ್ದದ್ದು ಹಿಂದೆ ಕತ್ತಲೆ, ಬಾಗಿಲಲ್ಲಿ ಬಾಗಿದ ಬೆನ್ನು, ಮಡಚಿದ ಮೊಣಕೈ, ಆಡುವ ಬೆರಳು. ಗುಂಪಿನ ಹಿಂದಿನಿಂದ ಒಬ್ಬ ಕೂಗಿದ. "ಡೇಯ್, ಪಾಟ್ಟಿ ಡಾ!" ನಗು ಎದ್ದಿತು, ಸಿಳ್ಳೆ ಬಿತ್ತು. ಫೋನುಗಳು ಮೇಲೆದ್ದವು. ಸಿನಿಮಾದವರೇ ಪ್ರಚಾರಕ್ಕೆ ಯಾರನ್ನೋ ನಿಲ್ಲಿಸಿದ್ದಾರೆ ಎಂದು ಅವರು ತಿಳಿದರು. "ಸೂಪರ್ ಆಕ್ಟಿಂಗ್ ಮಾ!" ಎಂದು ಒಬ್ಬಳು ಚಪ್ಪಾಳೆ ತಟ್ಟಿದಳು. ಇದು ನಟನೆ ಅಲ್ಲ, ಹುಷಾರಿಲ್ಲದವರು, ದಾರಿ ಬಿಡಿ ಎಂದು ನಾನು ತಮಿಳಿನಲ್ಲಿ ಕೂಗಿದೆ. ಅದನ್ನೂ ಆಟದ ಭಾಗ ಅಂದುಕೊಂಡರೋ ಏನೋ, ಇನ್ನಷ್ಟು ನಕ್ಕರು.

ಮುಂದಿನ ಸಾಲಿನಲ್ಲಿ ಅಪ್ಪನ ಕೈ ಹಿಡಿದ ಒಂದು ಪುಟ್ಟ ಹುಡುಗಿ ಇದ್ದಳು. ಅವಳು ನಗಲಿಲ್ಲ. ಬಾಯಿ ತೆರೆದು ಟೀಚರನ್ನೇ ನೋಡಿ, "ಅಪ್ಪಾ, ಪೇಯ್! ಪೇಯ್ ವರುದು!" ಎಂದು ಕಿರುಚಿದಳು. ದೆವ್ವ ಬರುತ್ತಿದೆ ಅಂತ. ಅಷ್ಟೂ ಜನರ ನಡುವೆ ಟೀಚರ್‌ಗೆ ಕಂಡದ್ದು ಆ ಮಗು ಒಂದೇ. "ಹೆದ್ರುಕೋಬೇಡ ಮಗಾ," ಅಂದರು. ಪಕ್ಕದಲ್ಲಿದ್ದ ನನಗೇ ಕೇಳಿಸಿದ್ದು ಕಷ್ಟದಲ್ಲಿ. ಮಗುವಿನ ಕಡೆ ಕೈ ಚಾಚಿ ಮುಂದೆ ವಾಲಿದರು. ವಾಲಿದ್ದೇ ತಡ ಕಾಲು ಬಿಟ್ಟುಕೊಂಡಿತು. ದುಡುದುಡು ಆ ಮಗುವಿನ ಮೇಲೆಯೇ ಹೋದರು. ಮಗು ಚೀರಿತು. ಅಪ್ಪ ಬೆಚ್ಚಿ ಅದನ್ನು ಎದೆಗೆ ಎಳೆದುಕೊಂಡು ಇನ್ನೊಂದು ಕೈಯಿಂದ ಟೀಚರನ್ನು ತಳ್ಳಿಬಿಟ್ಟ.

ರೇಷ್ಮೆ ಸೀರೆಯಲ್ಲಿ ಅವರು ಮಗ್ಗುಲಾಗಿ ಬಿದ್ದರು. ಆಗ ನಗು ನಿಂತಿತು. ಚೇತನಾ ಕನ್ನಡ ತಮಿಳು ಎಲ್ಲ ಕಲಸಿ ಕೂಗುತ್ತಿದ್ದಳು. ಆ ಅಪ್ಪ ಮೊಣಕಾಲೂರಿ, "ಸಾರಿ ಮಾ, ತೆರಿಯಾದು ಮಾ," ಗೊತ್ತಿರಲಿಲ್ಲ ಎಂದು ಅಳುವವನಂತಾಗಿದ್ದ. ಕೆಲವರು ಓಡಿ ಬಂದು ಎತ್ತಲು ಕೈ ಕೊಟ್ಟರು. ಕೆಲವರ ಫೋನು ಇಳಿದಿರಲಿಲ್ಲ.

ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಟೀಚರ್ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಸರ್ವೀಸೆಲ್ಲ ಮಕ್ಕಳ ಮಧ್ಯೆ ಕಳೆದೋಳು ನಾನು. ವಿಷಲ್ ಊದಿದ್ರೆ ಹೆದ್ರುಕೋತಿದ್ವು, ಬೆತ್ತ ಕಂಡ್ರೆ ಹೆದ್ರುಕೋತಿದ್ವು. ನನ್ ಮುಖ ಕಂಡು ಒಂದು ಮಗೂನೂ ಹೆದ್ರುಕೊಂಡಿರ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ಆ ಮಗು ಇವತ್ತು ಊಟ ಮಾಡ್ತದೋ ಇಲ್ವೋ," ಅಂದರು.

ಆ ವಿಡಿಯೋ ಊರೆಲ್ಲ ಸುತ್ತಿತು. ಥಿಯೇಟರಿನಲ್ಲಿ ಪಾಟ್ಟಿ ಪ್ರತ್ಯಕ್ಷ ಎಂದು. ಬೀಳುವುದಕ್ಕೆ ಮುಂಚೆ ಕತ್ತರಿಸಿದ್ದರು. ನಮ್ಮ ಕಟ್ಟಡದ ಹುಡುಗಿಯರು ನಾಚಿಕೆಪಟ್ಟು ಬಂದು ಕ್ಷಮೆ ಕೇಳಿದರು, ಅವರು ಏನೂ ಮಾಡಿರಲಿಲ್ಲ. ಟೀಚರ್ ಅವರನ್ನು ಕೂರಿಸಿ ಮಾತಾಡಿಸಿದರು. ಬೆನ್ನಿನ ಮಾತು ಎತ್ತಲಿಲ್ಲ.

ಅಂದಿನಿಂದ ಅವರು ಹೊರಗೆ ಬರಲಿಲ್ಲ. ದಿನವೂ ಬೆಳಿಗ್ಗೆ ಕಾಂಪೌಂಡಿನ ಸುತ್ತ ನಡೆಯುತ್ತಿದ್ದವರು ನಿಲ್ಲಿಸಿಬಿಟ್ಟರು. ನಡೆಯದಿದ್ದರೆ ಈ ಕಾಯಿಲೆ ಬೇಗ ಕೆಡವುತ್ತದೆ ಎಂದು ಡಾಕ್ಟರು ಬೈದರು, ಮಗಳು ಅತ್ತಳು. ನಾನು ರಜೆ ಹಾಕಿ, ಎಲ್ಲರೂ ಕೆಲಸಕ್ಕೆ ಹೋದ ಮಧ್ಯಾಹ್ನ ನೋಡಿ ನಮ್ಮಿಬ್ಬರ ಮನೆಯ ನಡುವಿನ ಕಾರಿಡಾರಿನಲ್ಲಿ ನಡೆಸಲು ನೋಡಿದೆ. ಎರಡು ಸಲ ಬಂದರು. ಮೂರನೆಯ ಸಲ ಯಾರೋ ಮೆಟ್ಟಿಲು ಹತ್ತುವ ಸದ್ದಾಯಿತು. "ಬೇಡ ಪದ್ಮಾ, ಒಳಗೆ ಕರ್ಕೊಂಡು ಹೋಗು," ಅಂದರು. ಬಾಗಿಲು ಬಂದೊಡನೆ ಕಾಲು ನಿಂತಿತು. ಹತ್ತಿ ಬರುವವರು ಹತ್ತಿರವಾಗುತ್ತಿದ್ದರು. ಹಿಂದಿನಿಂದ ನಾನು ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಒಳಗೆ ಹಾಕಬೇಕಾಯಿತು. ಬಂದವನು ಕೊರಿಯರ್‌ನವನು, ತಲೆಯೆತ್ತಿ ನೋಡಲೂ ಇಲ್ಲ.

ಚೇತನಾ ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಿದ್ದಳು. ಒಮ್ಮೆ ನನ್ನೆದುರಿಗೇ ಅಮ್ಮನ ಕಾಲ ಬಳಿ ಕೂತು, "ನಾನೇ ನಿಮ್ಮನ್ನ ದೆವ್ವ ಮಾಡಿಟ್ಟೆ," ಎಂದು ಅತ್ತಳು.

"ಮುಚ್ಚು ಬಾಯಿ," ಅಂದರು ಟೀಚರ್. "ಮಾಡ್ತೀನಿ ಅಂದೋಳು ನಾನು. ಬೇಡ ಅಂದೋಳು ನೀನು. ಸಿಟ್ಟು ಬತ್ತಾ ಅದೆ ನಂಗೆ, ಹೋಗಿ ಮುಖ ತೊಳ್ಕೊ."

ವರ್ಷ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದರು. ಆಗ ಕಂಪನಿಯಿಂದ ಒಬ್ಬರು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಕೆಟ್ಟವರಲ್ಲ, ಚೇತನಾಳ ಮೇಲಿನವರು. ಟೀಚರ್ ಆರೋಗ್ಯ ವಿಚಾರಿಸಿ, ತಡವರಿಸುತ್ತ ವಿಷಯಕ್ಕೆ ಬಂದರು. ಹೊಸ ಆಟದಲ್ಲಿ, ಸಿನಿಮಾದ ಮುಂದಿನ ಭಾಗದಲ್ಲೂ, ಪಾಟ್ಟಿ ಮಂಚದ ಮೇಲಿರುತ್ತಾಳೆ. ಮಗ್ಗುಲು ಬದಲಿಸಿ ಎದ್ದು ಕೂರಲು ನೋಡುತ್ತಾಳೆ. ಅಮ್ಮನಿಗೆ ಒಪ್ಪಿಗೆಯಿದ್ದರೆ ಕ್ಯಾಮೆರಾಗಳನ್ನು ಇಲ್ಲಿಗೇ ತರುತ್ತೇವೆ, ಏನೂ ತೊಂದರೆ ಕೊಡುವುದಿಲ್ಲ, ಇಲ್ಲವೆಂದರೂ ಬೇಸರವಿಲ್ಲ.

ಚೇತನಾ ಎದ್ದು ನಿಂತು ಬಾಗಿಲು ತೋರಿಸಿದಳು. ಟೀಚರ್ ಬೆರಳಾಡಿಸಿ ತಡೆದರು. ನಾನು ಬಾಗಿ ಅವರ ಬಾಯಿಯ ಹತ್ತಿರ ಕಿವಿಯಿಟ್ಟೆ. ಆಗ ಅವರ ದನಿ ಬರೀ ಉಸಿರಾಗಿತ್ತು.

"ಆಗ ಕೊಟ್ಟ ನಡಿಗೆ ಅದರದ್ದು ಅನ್ನು. ಈಗ ಉಳಿದಿರೋದು ನಂದು. ಕೊಡಕ್ಕಾಗಲ್ಲ."

ತಮಿಳಿನಲ್ಲಿ ಹೇಳಿದೆ. ಬಂದವರು ತಲೆಬಾಗಿಸಿ ಕೈಮುಗಿದು ಹೋದರು. ಮಾರನೆಯ ವಾರ ಚೇತನಾ ಕೆಲಸ ಬಿಟ್ಟಳು. ಆಟವೂ ಸಿನಿಮಾವೂ ನಿಲ್ಲಲಿಲ್ಲ. ಹಳೆಯ ನಡಿಗೆ ಕಂಪನಿಯವರ ಬಳಿ ಇದ್ದೇ ಇತ್ತಲ್ಲ.

ಕೊನೆಗೆ ನುಂಗುವುದೂ ಆಗದೆ, ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಲಿಲ್ಲ. ಹೋಗುವ ಹೊತ್ತಿಗೆ ಮಗಳು ಪಕ್ಕದಲ್ಲಿದ್ದಳು, ನಾನು ಹೊರಗೆ ಬೆಂಚಿನ ಮೇಲಿದ್ದೆ.

ಚೇತನಾ ಬೂದಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟು ಬಂದು, ಹನ್ನೊಂದನೆಯ ದಿನದ ತಿಥಿಯನ್ನು ಇಲ್ಲಿಯ ಮನೆಯಲ್ಲೇ ಮಾಡಿದಳು. ಹೆಚ್ಚು ಜನರಿರಲಿಲ್ಲ. ಮಂಡ್ಯದಿಂದ ಭಾಗ್ಯ ಎನ್ನುವವರೊಬ್ಬರು ರೈಲಿನಲ್ಲಿ ಬಂದಿದ್ದರು. ಟೀಚರ್ ಕೈಕೆಳಗೆ ಖೋ-ಖೋ ಆಡಿದವರು. ಈಗ ಐವತ್ತು ದಾಟಿದ, ಮಂಡಿನೋವಿನ, ತುಂಬಿದ ಮೈಯ ಹೆಂಗಸು. ಊಟವಾಗಿ ಬಂದವರೆಲ್ಲ ಹೋದ ಮೇಲೆ ನಾವು ಮೂವರೇ ಉಳಿದೆವು.

ಚೇತನಾ ಫೋನು ತಿರುವುತ್ತ ಕೂತಿದ್ದಳು. "ಫೋನ್ ತುಂಬ ಅಮ್ಮ ಇದಾರೆ ಆಂಟಿ," ಅಂದಳು ನನಗೆ. "ನಡೆಯೋ ವಿಡಿಯೋ ಎಲ್ಲ ಕಾಯಿಲೆ ಬಂದ್ಮೇಲಿಂದೇ. ಅದಕ್ಕೆ ಮುಂಚೆ ಯಾರು ಯಾಕೆ ತೆಗೀತಾರೆ? ಕಣ್ಣು ಮುಚ್ಚಿದ್ರೂ ಅದೇ ಬರುತ್ತೆ. ಅಮ್ಮ ಮೊದಲು ಹೆಂಗೆ ನಡೀತಿದ್ರು ಅಂತ ನಂಗೇ ಮರೆತುಹೋಗಿದೆ." ಆಮೇಲೆ ಭಾಗ್ಯ ಅವರ ಕಡೆ ತಿರುಗಿದಳು. "ಅಕ್ಕ, ನಿಮ್ಗೆ ನೆನಪಿದ್ಯಾ? ಫೀಲ್ಡಲ್ಲಿ ಅಮ್ಮ ಹೆಂಗೆ ನಡ್ಕೊಂಡ್ ಬರೋರು?"

"ನೆನಪಿಲ್ದೆ ಏನು. ಆ ಕಡೆ ಗೇಟಿಂದ ಟೀಚರ್ ಬತ್ತಾವ್ರೆ ಅಂದ್ರೆ ನಾವು ಇಷ್ಟ್ ದೂರದಿಂದ್ಲೇ ಗುರ್ತು ಹಿಡೀತಿದ್ವಿ."

"ಒಂದ್ಸಲ ನಡೆದು ತೋರಿಸ್ತೀರಾ?"

ಭಾಗ್ಯ ನನ್ನ ಮುಖ ನೋಡಿದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಹತ್ತಿರ ಹೋಗಿ ನಿಂತರು. ಎದೆ ಮುಂದೆ ಮಾಡಿ ನಡೆದು ಬಂದರು. ಪೊಲೀಸ್ ಪರೇಡಿನಂತಿತ್ತು. ಅರ್ಧದಲ್ಲೇ ನಿಂತು, "ಹಿಂಗಲ್ಲ, ಟೀಚರ್ ಇಷ್ಟ್ ಬಿಗೀತಿರ್ಲಿಲ್ಲ," ಅಂದರು. ಹಿಂದೆ ಹೋಗಿ ಮತ್ತೆ ನಡೆದರು. ಈ ಸಲ ಕೈ ಬೀಸಿದರು. ಬೀಸಿದ ಕೈಯನ್ನು ತಾವೇ ನೋಡಿಕೊಂಡು, ಇದೂ ಅಲ್ಲವೆಂದು ತಲೆಯಾಡಿಸಿದರು. ಮೂರನೆಯ ಸಲ ಹಾಲ್‌ನ ನಡುವೆ ನಿಂತುಬಿಟ್ಟರು.

"ಕಣ್ಣಿಗೆ ಕಟ್ಟಿದಂಗದೆ ಕಣವ್ವ," ಅಂದರು. "ನನ್ ಕಾಲಿಗೆ ಬತ್ತಾ ಇಲ್ಲ."

ಚೇತನಾ ಫೋನನ್ನು ಬೋರಲಾಗಿಟ್ಟು, ಮೊಣಕಾಲು ತಬ್ಬಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಪರವಾಗಿಲ್ಲ ಅಕ್ಕ. ಇನ್ನೊಂದ್ಸಲ," ಅಂದಳು.

ಭಾಗ್ಯ ಗೋಡೆಯ ಹತ್ತಿರ ವಾಪಸು ಹೋಗಿ, ಸೆರಗು ಬಿಗಿಮಾಡಿಕೊಂಡು, ಮೊದಲಿನಿಂದ ನಡೆಯತೊಡಗಿದರು.